ಯುಟಿಲಿಟಿಯಲ್ಲಿ ಕೂತು ಗೆಲ್ಲಿಸಿದ ಟೆಸ್ಟ್

“ಮೊದಲು ಇವರನ್ನ ಟೀಮಿಂದ ತೆಗೀರಿ. ಇವರು ಬಂದಾಗೆಲ್ಲ ವಿಕೆಟ್ ಬೀಳುತ್ತೆ ಕಣ್ರೀ!”

ಆರ್.ಟಿ. ನಗರದ ನಮ್ಮ ಪಕ್ಕದ ಮನೆಯ ರಾಜಣ್ಣನವರು ನನ್ನನ್ನು ನೋಡಿ ಹೀಗೆಂದಾಗ ನಾನಿನ್ನೂ ಅವರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಟೆಸ್ಟ್ ಪಂದ್ಯದ ಕೊನೆಯ ದಿನ. ಟಿವಿ ಮುಂದೆ ಯಾರು ಎಲ್ಲಿ ಕೂರಬೇಕೆಂಬ ಆಯ್ಕೆ ನಡೆದಿತ್ತು. ಹಿಂದೆ ಭಾರತ ಆಸ್ಟ್ರೇಲಿಯಾದಲ್ಲಿ ಗೆದ್ದ ದಿನ ಯಾರ್‍ಯಾರು ಎಲ್ಲಿದ್ದೆವೋ ಇವತ್ತೂ ಅಲ್ಲೇ ಇರಬೇಕು. ಅಂದು ನಾನು ಅವರ ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ ಫೋನಿನಲ್ಲಿ ಮಾತಾಡುತ್ತಿದ್ದೆ.

“ಅಲ್ಲೇ ಕೂತ್ಕೊಳ್ಳಿ, ಕಾಫಿ ಅಲ್ಲಿಗೇ ತಂದ್ಕೊಡ್ತೀನಿ,” ಎಂದರು ಅವರ ಹೆಂಡತಿ.

ಒಣಗಲು ಹಾಕಿದ್ದ ಪಂಚೆಗಳ ನಡುವೆ ಎರಡು ಗಂಟೆ ಕೂತೆ. ಒಮ್ಮೆ ಇಣುಕಿದೆ, ನಮ್ಮ ವಿಕೆಟ್ ಬಿತ್ತು. ಮತ್ತೆ ಇಣುಕುವ ಧೈರ್ಯ ಮಾಡಲಿಲ್ಲ.

ಭಾರತ ಗೆದ್ದಿತು. ನಾನು ನೋಡಿದ್ದು ಒಂದೇ ಚೆಂಡು. ಆದರೂ ಇವತ್ತಿಗೂ ಹೇಳುತ್ತೇನೆ, ಗೆಲ್ಲಿಸಿದ್ದು ನಾನೇ.