ಓಕ್‌ಬುನ್ ಅಜ್ಜಿಗೆ ಯಾವ ಲೆನ್ಸು

ಇನ್‌ಸುಕ್‌ಗೆ ಅರವತ್ಮೂರು ವರ್ಷ. ಕೊರಿಯಾದ ಗುನ್ಸಾನ್ ಬಂದರಿನ ಮೀನು ಮಾರುಕಟ್ಟೆಯ ಹಿಂದೆ, ಅಕ್ಕಿ ಗಿರಣಿಯ ಮೇಲ್ಗಡೆ ಅವಳ ಸ್ಟುಡಿಯೋ. ಕಪ್ಪು-ಬಿಳುಪು ಬಿಟ್ಟು ಬೇರೆ ಫೋಟೊ ತೆಗೆಯುವುದಿಲ್ಲ. ಮದುವೆಗೆ ಕರೆದರೆ ಹೋಗುವುದಿಲ್ಲ, ಪಾಸ್‌ಪೋರ್ಟಿಗೆ ಬಂದವರನ್ನು ಎದುರು ಅಂಗಡಿಗೆ ಅಟ್ಟುತ್ತಾಳೆ. ಇಷ್ಟು ಜಂಬ ಮಾಡಿಕೊಂಡೂ ಮೂವತ್ತು ವರ್ಷ ಅಂಗಡಿ ನಡೆದಿದೆ ಅಂದರೆ ಅದು ಊರಿನ ಮುದುಕಿಯರ ಪುಣ್ಯ. ನಮ್ಮ ಕಡೆ ವಯಸ್ಸಾದವರು ಸಾಯುವ ಮೊದಲೇ ತಮ್ಮ ಫೋಟೊ ತೆಗೆಸಿ ಇಟ್ಟುಕೊಳ್ಳುತ್ತಾರೆ. ಆಯುಷ್ಯದ ಫೋಟೊ ಅಂತ ಅದರ ಹೆಸರು. ತೆಗೆಸಿದವರು ಇನ್ನೂ ಹತ್ತು ವರ್ಷ ಗಟ್ಟಿ ಅನ್ನುವ ನಂಬಿಕೆ. ಸತ್ತಾಗ ಹೂವಿನ ನಡುವೆ, ಆಮೇಲೆ ವರ್ಷವರ್ಷವೂ ಎಡೆಯಿಡುವ ಮೇಜಿನ ಮೇಲೆ ಅದೇ ಮುಖ. ಗಂಡನ ಪಕ್ಕ ಹೆಂಡತಿ. ಅಲ್ಲಿ ಒಮ್ಮೆ ಕೂತರೆ ಮುಗಿಯಿತು, ಇನ್ನು ಮುಖ ಬದಲಾಯಿಸುವ ಹಾಗಿಲ್ಲ.

ಅವಳ ಹತ್ತಿರ ಇರುವುದು ಮೂರೇ ಲೆನ್ಸು. ಐವತ್ತು ಮಿಲಿಮೀಟರಿನದ್ದಕ್ಕೆ ಚಾಡಿಕೋರ ಅಂತ ಹೆಸರಿಟ್ಟಿದ್ದಾಳೆ. ಚೌಕಟ್ಟಿನ ತುಂಬ ಮುಖ ಬೇಕಾದರೆ ಅದನ್ನು ಹಿಡಿದು ತೀರ ಹತ್ತಿರ ಹೋಗಬೇಕು, ಆಗ ಎಂಥವರ ಮೂಗೂ ಬದನೆಕಾಯಿ. ಎಂಬತ್ತೈದರದ್ದು ಅವಳಿಗಿಂತ ವಯಸ್ಸಾದ ಹಳೇ ಲೆನ್ಸು. ಬೆಳಕಿನ ಕಂಡಿ ಪೂರ್ತಿ ತೆರೆದರೆ ಮುಖದ ಮೇಲೆ ತೆಳ್ಳಗೆ ಮಬ್ಬು ಹರಡಿ ಸುಕ್ಕೆಲ್ಲ ಮಾಯ. ಅದು ಹೊಗಳುಭಟ್ಟ. ನೂರೈದರದ್ದಕ್ಕೆ ಹೆಸರಿಲ್ಲ, ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಬಣ್ಣವಿದ್ದರೆ ಕೆನ್ನೆಯ ಕೆಂಪೋ ರೇಷ್ಮೆಯ ಹೊಳಪೋ ಕಣ್ಣನ್ನು ಅತ್ತಿತ್ತ ಎಳೆದೀತು. ಕಪ್ಪು-ಬಿಳುಪಿನಲ್ಲಿ ಮುಖದ ಗೆರೆಗಳಿಗೆ ಅಡಗಲು ಜಾಗವೇ ಇಲ್ಲ.

ತನ್ನ ತಾಯಿಗೆ ಅವಳು ಹೊಗಳುಭಟ್ಟನನ್ನೇ ಹಾಕಿದ್ದಳು. ಪ್ರೀತಿಯಿಂದಲೇ ಹಾಕಿದ್ದು. ಸಾವಿಗೆ ಬಂದ ಊರಿನ ಹೆಂಗಸರು ಫೋಟೊಗೆ ಅಡ್ಡಬಿದ್ದು ಎದ್ದು, "ಇದ್ಯಾರಮ್ಮಾ?" ಅಂದುಬಿಟ್ಟರು. ಹನ್ನೆರಡು ವರ್ಷವಾಯಿತು, ಇವತ್ತಿಗೂ ತಾಯಿಯ ತಿಥಿಯ ದಿನ ಆ ಫೋಟೊದ ಕಡೆ ಅವಳು ತಲೆಯೆತ್ತಿ ನೋಡುವುದಿಲ್ಲ. ಅಂದಿನಿಂದ, ಬಂದವರನ್ನು ಕೂರಿಸಿ, ಪೇಪರ್ ಲೋಟದಲ್ಲಿ ಸಿಹಿ ಕಾಫಿ ಕೊಟ್ಟು, ಅರ್ಧ ಗಂಟೆ ಹರಟಿ ಆಮೇಲೆಯೇ ಲೆನ್ಸು ಮುಟ್ಟುವುದು ಅವಳ ಪದ್ಧತಿ.

ಹೋದ ವಸಂತದಲ್ಲಿ ಒಂದು ಬೆಳಗ್ಗೆ ಓಕ್‌ಬುನ್ ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಎಂಬತ್ತೆರಡು ವರ್ಷ, ಐವತ್ತು ವರ್ಷ ಅದೇ ಮಾರುಕಟ್ಟೆಯಲ್ಲಿ ಒಣ ನಂಗು ಮೀನು ಮಾರಿದವಳು. ಜೊತೆಗೆ ಪಕ್ಕದಂಗಡಿಯ ಮಾಲ್‌ಸುನ್. ಇಬ್ಬರೂ ಆಗತಾನೇ ಕೂದಲು ಗುಂಗುರು ಮಾಡಿಸಿಕೊಂಡಿದ್ದರು, ಸ್ಟುಡಿಯೋ ತುಂಬ ಔಷಧಿಯ ಘಾಟು.

ಅಜ್ಜಿ ಬಟ್ಟೆಯ ಗಂಟು ಬಿಚ್ಚಿ, ಕಟ್ಟು ಹಾಕಿಸಿದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ದಟ್ಟ ಹುಬ್ಬಿನ ಗಂಡಸು, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ.

"ನಮ್ಮೆಜಮಾನ್ರು," ಅಂದಳು. "ಇಪ್ಪತ್ತೆಂಟಕ್ಕೇ ದೋಣಿ ಮಗುಚಿ ಹೋದ್ರು. ಐವತ್ನಾಲ್ಕು ವರ್ಷದಿಂದ ಮೇಜಿನ ಮೇಲೆ ಒಬ್ರೇ ಕೂತವ್ರೆ. ನಾಳೆ ನಾನು ಪಕ್ಕ ಹೋಗಿ ಕೂತ್ರೆ ನೋಡ್ದೋರು ಏನಂತಾರೆ ಹೇಳು?"

"ತಾಯಿ-ಮಗ ಅಂತಾರೆ," ಅಂದಳು ಮಾಲ್‌ಸುನ್.

"ಬಾಯ್ಮುಚ್ಕೊಂಡು ಕಾಫಿ ಕುಡಿಯೇ."

"ಸುಳ್ಳು ಹೇಳಿದ್ನಾ ಅಕ್ಕ?"

ಅಜ್ಜಿಯ ಮುಖ ಕೆಂಪೇರಿತು. ಎಂಬತ್ತೆರಡರಲ್ಲೂ ಅದು ನಿಜವಾದ ನಾಚಿಕೆಯೇ. "ನೋಡೇ ಇನ್‌ಸುಕ್, ನಿನ್ನತ್ರ ಏನೋ ಮಾಯದ ಲೆನ್ಸು ಐತಂತಲ್ಲ, ಅದನ್ನೇ ಹಾಕು. ನನ್ನ ಗುರ್ತು ಸಿಗದೆ ಹೋದ್ರೂ ಚಿಂತೆಯಿಲ್ಲ. ಅವ್ರ ಪಕ್ಕ ಹೆಂಡ್ತಿ ಥರ ಕೂರ್ಬೇಕು ನಾನು."

"ಬೇಡಿ ಅಜ್ಜಿ. ನಮ್ಮಮ್ಮಂಗೆ ಹಾಗೇ ಮಾಡಿ ಇವತ್ತಿನ ತನಕ ಅನುಭವಿಸ್ತಿದೀನಿ. ನೂರೈದು ಹಾಕ್ತೀನಿ, ಬೆಳಕು ಮೆತ್ತಗೆ ಮಾಡ್ತೀನಿ."

"ಫೋಟೊ ನಂದಾ, ನಿಂದಾ?"

ಇನ್‌ಸುಕ್ ಹೊಗಳುಭಟ್ಟನನ್ನು ಸಿಕ್ಕಿಸಿ ನಾಲ್ಕು ತೆಗೆದಳು. ಆದರೆ ಮನಸ್ಸು ಕೇಳಬೇಕಲ್ಲ! ಅಜ್ಜಿ ಏಳುವ ಮೊದಲೇ, "ಒಂದ್ನಿಮಿಷ, ಇದು ನನ್ನ ಸಮಾಧಾನಕ್ಕೆ," ಅಂತ ನೂರೈದು ಹಾಕಿ ಇನ್ನೊಂದು ತೆಗೆದುಬಿಟ್ಟಳು.

ಫಿಲ್ಮು ತೊಳೆದು, ಒಣಗಿಸಿ, ಪ್ರಿಂಟು ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುದುಕಿಯರಿಬ್ಬರೂ ಅಲ್ಲೇ ಕೂತು ಸಿಹಿಗೆಣಸು ತಿಂದು, ಇಡೀ ಮಾರುಕಟ್ಟೆಯನ್ನು ಆಡಿಕೊಂಡು ಮುಗಿಸಿದ್ದರು. ಇನ್‌ಸುಕ್ ಮಬ್ಬಿನ ಪ್ರಿಂಟನ್ನು ಮೊದಲು ತಂದು ಗಂಡನ ಫೋಟೊದ ಪಕ್ಕ ಇಟ್ಟಳು.

"ಅಯ್ಯಯ್ಯೋ, ಮದುಮಕ್ಳು ಕಣೇ!" ಅಂತ ಮಾಲ್‌ಸುನ್ ಕೈ ತಟ್ಟಿದಳು.

ಓಕ್‌ಬುನ್ ಅಜ್ಜಿಯೂ ನಕ್ಕಳು. ನೋಡನೋಡುತ್ತ ನಗು ಹೋಯಿತು, ಗಲ್ಲ ಬಿಗಿಯಿತು.

"ಈ ಮುಖ ನೋಡಿ ಇವ್ರೇನು ಅಂದ್ಕೋತಾರೆ? ನಾನಿಲ್ದೆ ಇವಳು ಸುಖವಾಗಿ ಉಂಡ್ಕೊಂಡು ತಿಂದ್ಕೊಂಡು ಇದ್ಲು ಅಂದ್ಕೋತಾರೆ. ಬೇಡ ಗಾಳಿ ಎದ್ದೈತೆ ಅಂದೆ, ಕೇಳ್ದೆ ದೋಣಿ ಹತ್ತಿದ್ರು. ಮೂರು ಮಕ್ಳು ನನ್ನ ಕುತ್ತಿಗೆಗೆ. ಚಳೀಲಿ ಮೀನು ಕುಯ್ದೂ ಕುಯ್ದೂ ಬೆರಳು ಮರಗಟ್ಟಿ ಹೋಯ್ತು. ಅದ್ರಲ್ಲಿ ಒಂದು ಗೆರೆನಾದ್ರೂ ಐತಾ ಇದ್ರಲ್ಲಿ?" ಮೇಜಿನ ಮೇಲೆ ಕೈ ಬಡಿದಳು. "ಆ ಇನ್ನೊಂದು ತಗೊಂಬಾ. ನೋಡ್ಲಿ. ಪಕ್ಕದಲ್ಲೇ ಕೂತು ಕಣ್ತುಂಬ ನೋಡ್ಲಿ."

ಇನ್‌ಸುಕ್ ಮಬ್ಬಿನ ಪ್ರಿಂಟು ತೆಗೆದು ನೂರೈದರದ್ದನ್ನು ಇಟ್ಟಳು. ಹಣೆಯ ಗೆರೆ, ಬಿಸಿಲಿಗೆ ಕಂತಿದ ಕಣ್ಣು, ಬಾಯಿಯ ಸುತ್ತ ನೆರಿಗೆ, ಒಂದೂ ತಪ್ಪಿರಲಿಲ್ಲ. ಅಜ್ಜಿ ಗಂಡನಿಗೆ ಛೀಮಾರಿ ಹಾಕುವವಳಂತೆ ಬೆರಳೆತ್ತಿ ಮುಂದಕ್ಕೆ ಬಾಗಿದಳು. ಬೆರಳು ಅಲ್ಲೇ ನಿಂತಿತು. ತನ್ನ ಮುಖ ನೋಡಿದಳು, ಪಕ್ಕದ ಮುಖ ನೋಡಿದಳು, ಮತ್ತೆ ಅದನ್ನೇ ನೋಡಿದಳು.

"ಮಾಲ್‌ಸುನ್... ಎಷ್ಟು ಚಿಕ್ಕೋನೇ ಇವ್ನು!"

ಮಾಲ್‌ಸುನ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ಮೀಸೆನೂ ಸರಿಯಾಗಿ ಬಂದಿಲ್ಲ. ನಮ್ಮ ದೊಡ್ಡ ಮೊಮ್ಮಗನಿಗೇ ಮೂವತ್ತೊಂದು." ಅಜ್ಜಿ ಅಂಗೈಯಿಂದ ಗಾಜು ಒರೆಸಿದಳು. ಅವಳ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. "ಇಂಥ ಮಗಿನ ಮೇಲೆ ಇಷ್ಟು ವರ್ಷ ಹಲ್ಲು ಕಡೀತಾ ಬಂದೆನಲ್ಲೇ."

ಇನ್‌ಸುಕ್ ತಡವರಿಸುತ್ತ ಕೇಳಿದಳು: "ಯಾವುದಕ್ಕೆ ಕಟ್ಟು ಹಾಕ್ಲಿ ಅಜ್ಜಿ?"

"ಇದಕ್ಕೇ ಹಾಕು," ಅಂದಳು ಓಕ್‌ಬುನ್ ಅಜ್ಜಿ. "ದೊಡ್ಡೋರು ಅಂತ ಯಾರಾದ್ರೂ ಪಕ್ಕದಲ್ಲಿ ಇರ್ಬೇಕಲ್ಲ ಅವನಿಗೆ."