ಅರ್ಪಣೆ ಬರೆಯುವ ಬಾಲ್ದೊ
ವೆನಿಸಿನಲ್ಲಿ ಪುಸ್ತಕ ಬರೆದು ಬದುಕುವ ಬಾಲ್ದೊ ಅರ್ಪಣೆಯ ಹಾಳೆಗೆ ಕೂತನೆಂದರೆ ದಂಡಯಾತ್ರೆಗೆ ಹೊರಟಂತೆಯೇ; ದೊಡ್ಡವರನ್ನು ಹೊಗಳಿ ಪುಸ್ತಕ ಅರ್ಪಿಸಿದರೆ ಏನಾದರೂ ಇನಾಮು ಸಿಗುತ್ತಿತ್ತು. "ಈ ಹಂದಿಗೆ ಓದೋಕೇ ಬರಲ್ಲ" ಎಂದು ಹಲ್ಲು ಕಡಿಯುತ್ತಲೇ ಡ್ಯೂಕನನ್ನು "ವಿದ್ಯೆಯ ಏಕೈಕ ಸೂರ್ಯನೇ" ಎಂದು ಕರೆಯುವನು. ಆಮೇಲೆ ಅದೇ ಪುಸ್ತಕದ ಮೊದಲ ಹಾಳೆ ಬದಲಿಸಿ ಬಿಷಪ್ಪನನ್ನೂ ಏಕೈಕ ಸೂರ್ಯನಾಗಿಸುವನು. ಪ್ರತಿಫಲವಾಗಿ ಬರುವುದು ಅವರು ತೊಟ್ಟು ಬಿಸಾಡಿದ ಹಳೇ ನಿಲುವಂಗಿ; ಅದನ್ನು ತೊಟ್ಟು ಇನ್ನಷ್ಟು ಬೈಯುವನು. ಒಂದು ದಿನ ಪುಸ್ತಕದ ಹಾಳೆ ಹೊಲಿಯುತ್ತಿದ್ದ ಹೆಂಡತಿ ಓರ್ಸೋಲಾ, "ರೀ, ಕಂಡ ಕತ್ತೆಗೆಲ್ಲ ಬರೀತೀರಲ್ಲ, ನನಗೊಂದು ಬರೀರಿ ನೋಡೋಣ" ಎಂದಳು. ಬಾಲ್ದೊ ಹುಮ್ಮಸ್ಸಿನಿಂದ ಲೇಖನಿ ಅದ್ದಿದ. ಸೂರ್ಯನನ್ನು ಬರೆದು ಹೊಡೆದುಹಾಕಿದ, ಇನ್ನೊಬ್ಬ ಸಿರಿವಂತನಿಗೆ ಕೊಟ್ಟಿದ್ದ ಸದ್ಗುಣದ ಮುತ್ತನ್ನು ಹೊಡೆದುಹಾಕಿದ, ಬಡ್ಡಿಕೋರನೊಬ್ಬನಿಗೆ ಕೊಟ್ಟಿದ್ದ ಕರುಣೆಯ ಕಡಲನ್ನೂ ಹೊಡೆದುಹಾಕಿದ. ಕೊನೆಗೆ ಉಳಿದದ್ದು "ಓರ್ಸೋಲಾಗೆ" ಎಂಬುದೊಂದೇ. "ಇಷ್ಟೇನಾ?" ಎಂದಳು. "ಮಿಕ್ಕ ಮಾತೆಲ್ಲ ಆ ಹಂದಿಗಳು ತಿಂದ್ಹಾಕಿವೆ ಕಣೆ" ಎಂದ ಬಾಲ್ದೊ, ಮೊದಲ ಬಾರಿಗೆ ದನಿ ಏರಿಸದೆ.