ಕಲಶದ ಸೀರೆಗೆ ಐದು ಚೀಟಿ

ನನ್ನ ಅತ್ತೆಗೆ ಬಹುಮಾನದ ಹುಚ್ಚು. ಟಿ. ನಗರದ ಬಟ್ಟೆ ಅಂಗಡಿಗಳಲ್ಲಿ ಕೊಡುವ ಕೂಪನ್ನುಗಳನ್ನೆಲ್ಲ ತುಂಬಿ ಹಾಕಿ, ಹರಿದುಕೊಟ್ಟ ತುಂಡುಗಳನ್ನು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದು ಸ್ಟೀಲ್ ಚಮಚವೂ ಬಂದಿಲ್ಲ. "ನಂಗೆ ಅದೃಷ್ಟ ಇಲ್ಲ ಕಣೇ" ಎನ್ನುವಾಗ ಅವರ ಮುಖ ನಿಜಕ್ಕೂ ಸಣ್ಣದಾಗುತ್ತದೆ. ನನಗೆ ಸಂಕಟವಾಗುತ್ತದೆ, ಆದರೆ ಬಾಯಿ ಸುಮ್ಮನಿರುವುದಿಲ್ಲ.

"ಅದೃಷ್ಟ ಅಂದ್ರೆ ಕಣ್ಣಿಗೆ ಕಾಣದೇ ಇರೋದು ಅಂತ ಅರ್ಥ, ಅತ್ತೆ. ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಪದಗಳ ಬೇರು ಹುಡುಕುವುದು ನನ್ನ ಚಟ. ಅತ್ತೆ ಡಬ್ಬದ ಮುಚ್ಚಳ ಒತ್ತುತ್ತಾರೆ.

ಕೋಡಂಬಾಕ್ಕಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಹೆಂಗಸರು ಐವರಿದ್ದೇವೆ. ಎಲ್ಲರಿಗೂ ಅಡ್ಡಹೆಸರು: ಅತ್ತೆ ಮೈಸೂರಮ್ಮ, ಕೆಳಗಿನ ಮನೆಯವರು ಟೀಚರಮ್ಮ, ಎದುರು ಮನೆಯವರು ಬ್ಯಾಂಕ್ ಮೇಡಂ. ಗಂಡ ಹೋಟೆಲಿನಲ್ಲಿ ಅಡುಗೆಗಿರುವ ಉಡುಪಿ ಕಡೆಯಾಕೆ ಹೋಟೆಲ್ ಅಕ್ಕ. ನಾನು ಡಿಕ್ಷನರಿ. ನವರಾತ್ರಿಗೆ ಒಟ್ಟಾಗಿ ನಮ್ಮ ಮನೆಯಲ್ಲಿ ಕಲಶವಿಟ್ಟು ರೇಷ್ಮೆ ಸೀರೆ ಉಡಿಸುತ್ತೇವೆ. ವಿಜಯದಶಮಿಯ ದಿನ ಆ ಸೀರೆ ಐವರಲ್ಲಿ ಒಬ್ಬರಿಗೆ ಪ್ರಸಾದ.

ಯಾರಿಗೆ ಎಂದು ತೀರ್ಮಾನಿಸಲು ಮೊದಲ ವರ್ಷ ಗುಟ್ಟಾಗಿ ಓಟು ಹಾಕಿದೆವು. ಬಿಡಿಸಿ ನೋಡಿದರೆ ಐವರಿಗೂ ಒಂದೊಂದು ಓಟು! ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಓಟು ಅನ್ನೋ ಪದದ ಮೂಲ ಲ್ಯಾಟಿನ್ನು, ಅಲ್ಲಿ ಅದಕ್ಕೆ ಹರಕೆ ಅಂತ ಅರ್ಥ. ಹರಕೆ ಹೊರೋರು ತಮಗೋಸ್ಕರ ತಾನೇ ಬೇಡ್ಕೊಳ್ಳೋದು?" ಎಂದು ಎಲ್ಲರ ಮಾನ ಉಳಿಸಲು ನೋಡಿದೆ. ಯಾರೂ ನಗಲಿಲ್ಲ. ಅಂದಿನಿಂದ ಚೀಟಿ ಎತ್ತುವ ಪದ್ಧತಿ ಬಂತು. ಮೊದಲು ಬಂದ ಚೀಟಿಗೆ ಸೀರೆ.

ಈ ಸಲ ಎಲೆಹಸಿರು ಸೀರೆ, ಕುಂಕುಮದ ಬಣ್ಣದ ಅಂಚು. "ಈ ಸಲನಾದ್ರೂ ನಂಗೆ ಬರತ್ತೇನೇ?" ಎಂದು ಅತ್ತೆ ಒಂಬತ್ತು ದಿನವೂ ಕೇಳಿದರು. ಒಂಬತ್ತನೆಯ ದಿನ ನಾನು ಗಟ್ಟಿ ಮನಸ್ಸು ಮಾಡಿದೆ. ಚೀಟಿ ಬರೆಯುವ ಕೆಲಸ ಹೇಗೂ ನನ್ನದೇ. ಐದೂ ಚೀಟಿಯ ಮೇಲೆ 'ಮೈಸೂರಮ್ಮ' ಎಂದು ಬರೆದು, ಮಡಚಿ, ತಾಮ್ರದ ಚೊಂಬಿಗೆ ಹಾಕಿದೆ.

ಮರುದಿನ ಚೀಟಿ ಎತ್ತಲು ಕೂತದ್ದು ಟೀಚರಮ್ಮನ ಮೊಮ್ಮಗಳು. ಅವಳಿಗೆ ತಮಿಳು ಬಿಟ್ಟರೆ ಓದಲು ಬರುವುದಿಲ್ಲ, ಹಾಗಾಗಿ ಮೋಸವಿಲ್ಲ ಎಂದು ಎಲ್ಲರಿಗೂ ನಂಬಿಕೆ. ಬಿಡಿಸಿ ಓದುವುದು ಹಿರಿಯರಾದ ಅತ್ತೆ. ನಾನು ಅಳುಕು ಮುಚ್ಚಿಕೊಳ್ಳಲು ಪಾಠಕ್ಕಿಳಿದೆ. "ಚೀಟಿ ಎತ್ತೋದಕ್ಕೆ ತಮಿಳಲ್ಲಿ ಕುಲುಕ್ಕಲ್ ಅಂತಾರೆ, ಅದು ನಮ್ಮ ಕುಲುಕೋದೇ. ಇಂಗ್ಲಿಷಿನ ಬ್ಯಾಲಟ್ಟಿಗೆ ಮೂಲದಲ್ಲಿ ಪುಟ್ಟ ಉಂಡೆ ಅಂತ ಅರ್ಥ..."

"ಉಂಡೆ ಇರ್ಲಿ ಮಾರಾಯ್ತಿ, ಬೋಂಡ ಆರಿ ಹೋಗ್ತದೆ" ಎಂದರು ಹೋಟೆಲ್ ಅಕ್ಕ.

ಆಗ ಅತ್ತೆ ಕೈಯೆತ್ತಿದರು. "ಒಂದೇ ಚೀಟಿಗೆ ಮುಗಿದುಹೋದ್ರೆ ಏನು ಮಜಾ? ಈ ಸಲ ಬಂದೋರೆಲ್ಲ ಔಟು. ಕೊನೇಲಿ ಉಳಿದೋರಿಗೆ ಸೀರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚೊಂಬಿನಲ್ಲಿದ್ದ ಐದೂ ಚೀಟಿ ಅತ್ತೆಯದೇ!

"ಇಂದಾಂಗ ಪಾಟ್ಟಿ", ತಗೊಳ್ಳಿ ಅಜ್ಜಿ ಎನ್ನುತ್ತ, ಹುಡುಗಿ ಅತ್ತೆಗೆ ಮೊದಲ ಚೀಟಿ ಕೊಟ್ಟಳು. ಅತ್ತೆ ಬಿಡಿಸಿದರು. "ಮೈಸೂರಮ್ಮ. ನೋಡಿ, ನಾನೇ ಮೊದಲು ಔಟು!" ನಕ್ಕರು, ಆದರೆ ಮುಖ ಸಣ್ಣದಾಯಿತು.

ಎರಡನೆಯದನ್ನು ಬಿಡಿಸಿದವರು ಕನ್ನಡಕ ಸರಿಮಾಡಿಕೊಂಡರು. ಇನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

"ಡಿಕ್ಷನರಿ" ಎಂದರು ಅತ್ತೆ. "ಔಟು."

ಮೂರನೆಯದಕ್ಕೆ "ಬ್ಯಾಂಕ್ ಮೇಡಂ" ಎಂದರು, ನಾಲ್ಕನೆಯದಕ್ಕೆ "ಟೀಚರಮ್ಮ." ಟೀಚರಮ್ಮ ಚೀಟಿ ನೋಡಲು ಕೈ ಚಾಚಿದರು. ಅತ್ತೆ ಆಗಲೇ ಅದನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕೊನೆಯ ಚೀಟಿಯನ್ನು ನಿಧಾನವಾಗಿ ಬಿಡಿಸಿ, ತಮ್ಮದೇ ಹೆಸರನ್ನು ದಿಟ್ಟಿಸುತ್ತ, "ಹೋಟೆಲ್ ಅಕ್ಕ" ಎಂದು ಓದಿದರು.

ಹೋಟೆಲ್ ಅಕ್ಕ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿ ಒರೆಸಿ, ಸೀರೆ ಮುಟ್ಟಲು ಹೆದರಿ ನಿಂತೇ ಇದ್ದರು.

ಎಲ್ಲರೂ ಹೋದ ಮೇಲೆ, "ಅತ್ತೆ, ತಪ್ಪಾಯ್ತು. ನಿಮಗೇ ಸಿಗಲಿ ಅಂತ..." ಎಂದೆ.

"ದಿನಾ ದೀಪಕ್ಕೆ ಎಣ್ಣೆ ಹಾಕೋ ನೆಪದಲ್ಲಿ ಬಂದು ಅವಳು ಆ ಅಂಚು ಮುಟ್ಟಿ ಮುಟ್ಟಿ ನೋಡ್ತಿದ್ಲು. ನಿಂಗೆ ಕಾಣ್ಲಿಲ್ವಾ?"

ನನಗೆ ಕಂಡಿರಲಿಲ್ಲ. ಸೀರೆ ಕೈತಪ್ಪಿತಲ್ಲ ಎಂದು ಅತ್ತೆಗಿಂತ ನನಗೇ ಹೆಚ್ಚು ಅಳು ಬಂತು.

ಅತ್ತೆ ಬಿಸ್ಕತ್ತಿನ ಡಬ್ಬ ತೆಗೆದರು. ಸೊಂಟದಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ಸವರಿ ಒಳಗಿಟ್ಟರು. "ಇಷ್ಟು ವರ್ಷದಲ್ಲಿ ಒಂದು ಸಲನೂ ಬರ್ಲಿಲ್ಲ" ಎಂದರು. "ಇವತ್ತು ಐದು ಸಲ ನನ್ನ ಹೆಸರೇ ಬಂತಲ್ಲೇ!"